ಸಾವಿರದೈನೂರು ರೂಪಾಯಿಯೊಳಗೆ ಬಯಲಿನಲ್ಲಿ ಬಾಳುವ ಚೂರಿ ಯಾವುದು?

ಕೊಪ್ಪಳದ ಚಾರಣಿಗ

ಎಲ್ಲರಿಗೂ ನಮಸ್ಕಾರ. ನಾವು ನಾಲ್ವರು ಗೆಳೆಯರು ತಿಂಗಳಿಗೊಮ್ಮೆಯಾದರೂ ಊರು ಬಿಟ್ಟು ಬಯಲಿನಲ್ಲಿ ರಾತ್ರಿ ಕಳೆಯುತ್ತೇವೆ. ಹೆಚ್ಚಾಗಿ ಗಂಗಾವತಿ ಕಡೆ, ಗೆಳೆಯನೊಬ್ಬನ ಹೊಲದಲ್ಲಿ, ಬಂಡೆಗುಡ್ಡದ ಬುಡದಲ್ಲಿ. ರೊಟ್ಟಿ ಮನೆಯಿಂದ ಕಟ್ಟಿಕೊಂಡು ಹೋಗುತ್ತೇವೆ. ಮೀನೋ ಕೋಳಿಯೋ ಅಲ್ಲೇ ಮೂರು ಕಲ್ಲು ಹೂಡಿ ಬೇಯಿಸಿಕೊಳ್ಳುತ್ತೇವೆ.

ಕಳೆದ ಸಲ ನನ್ನ ಚೂರಿ ಮುರಿಯಿತು. ಮೊಬೈಲಿನಲ್ಲಿ ಚಿತ್ರ ನೋಡಿ ಎಂಟುನೂರು ರೂಪಾಯಿಗೆ ತರಿಸಿದ್ದೆ. ಬೆನ್ನಿನ ಮೇಲೆ ಗರಗಸದ ಹಲ್ಲು, ಹಿಡಿಯ ತುದಿಯಲ್ಲಿ ದಿಕ್ಸೂಚಿ, ಒಳಗೆ ಬೆಂಕಿಕಡ್ಡಿ ಇಡುವ ಟೊಳ್ಳು. ಮುಂಗೈ ದಪ್ಪದ ಬಳ್ಳಾರಿ ಜಾಲಿಯ ತುಂಡನ್ನು ಸೀಳಲು ಅಲಗನ್ನು ಅದರ ಮೇಲಿಟ್ಟು ಬೆನ್ನಿಗೆ ಕಟ್ಟಿಗೆಯಿಂದ ಹೊಡೆದೆ. ಮೂರನೆಯ ಪೆಟ್ಟಿಗೆ ಅಲಗು ಹಿಡಿಯಿಂದ ಕಿತ್ತು ಹಾರಿ ಗೆಳೆಯನ ಮೊಣಕಾಲಿನ ಪಕ್ಕದ ಮಣ್ಣಿಗೆ ನಾಟಿಕೊಂಡಿತು. ಒಂದು ಗೇಣು ಆಚೀಚೆ ಆಗಿದ್ದರೆ ಆ ರಾತ್ರಿ ಆಸ್ಪತ್ರೆಯಲ್ಲಿ ಕಳೆಯಬೇಕಿತ್ತು. ಹಿಡಿ ಬಿಚ್ಚಿ ನೋಡಿದರೆ ಹಿಡಿಯೊಳಗೆ ಹೋಗುವ ಅಲಗಿನ ಬಾಲ ಹೆಬ್ಬೆರಳಿನ ಉಗುರಿನಷ್ಟು ಉದ್ದವೂ ಇರಲಿಲ್ಲ. ಅದಕ್ಕೊಂದು ಬೋಲ್ಟನ್ನು ಬೆಸುಗೆ ಹಾಕಿ ಕೂಡಿಸಿದ್ದರು. ಆ ಬೆಸುಗೆಯೇ ಬಿಟ್ಟಿತ್ತು.

ಈಗ ಮಡಚದ, ಒರೆಯಲ್ಲಿಡುವ, ನಂಬಬಹುದಾದ ಒಂದು ಚೂರಿ ಬೇಕು. ಕೈಯಲ್ಲಿರುವುದು ಸಾವಿರದೈನೂರು ರೂಪಾಯಿ. ಮಾಂಸ, ತರಕಾರಿ, ಹಗ್ಗ, ಸಣ್ಣ ಕಟ್ಟಿಗೆ, ಇಷ್ಟಕ್ಕೆ ಆಗಬೇಕು. ನಮ್ಮಲ್ಲೊಬ್ಬನಿಗೆ ಬೇಟೆಗೂ ಆಗುವಂಥದ್ದು ಬೇಕೆಂಬ ಆಸೆ. ತಿಳಿದವರು ಹೇಳಿ.

ಬಳ್ಳಾರಿ ವಕೀಲ

ಚೂರಿಯ ವಿಷಯಕ್ಕೆ ಮುಂಚೆ ಬೇಟೆಯ ಮಾತು. ನಿಮ್ಮ ಗೆಳೆಯರಿಗೆ ಇದನ್ನು ದಯವಿಟ್ಟು ಓದಿ ಹೇಳಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ನಮ್ಮ ದೇಶದಲ್ಲಿ ಬೇಟೆ ಅಪರಾಧ. ಹುಲಿ, ಚಿರತೆ, ಕರಡಿಗಳಷ್ಟೇ ಅಲ್ಲ. ಹೊಲದ ಬದುವಿನಲ್ಲಿ ಏಳುವ ಮೊಲ, ಕೌಜುಗ, ಉಡ ಎಲ್ಲವೂ ಆ ಕಾಯ್ದೆಯ ಪಟ್ಟಿಯಲ್ಲಿವೆ. "ಮೊಲ ತಾನೇ" ಎಂದು ಹೊರಟ ಹುಡುಗರ ತಂದೆ ತಾಯಂದಿರು ಜಾಮೀನಿಗಾಗಿ ನನ್ನ ಮುಂದೆ ಕುಳಿತು ಅತ್ತದ್ದನ್ನು ಕಂಡಿದ್ದೇನೆ.

ಇನ್ನೊಂದು ಸಂಗತಿ ಬಹಳ ಜನರಿಗೆ ತಿಳಿದಿಲ್ಲ. ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಆಯುಧ ಹಿಡಿದು ಹೋಗುವುದನ್ನೇ ಅದೇ ಕಾಯ್ದೆಯ 31ನೆಯ ಕಲಂ ನಿಷೇಧಿಸುತ್ತದೆ. ದರೋಜಿಯ ಕರಡಿಧಾಮ 1994ರಿಂದ ಅಭಯಾರಣ್ಯ. ಅದರ ಸುತ್ತಮುತ್ತ ಹೊಲ ಯಾವುದು, ಕಾಡು ಯಾವುದು ಎಂದು ಕತ್ತಲಲ್ಲಿ ಗೊತ್ತಾಗುವುದಿಲ್ಲ. ಆ ಕಡೆ ಹೋಗುವುದಾದರೆ ಚೂರಿ ಗಾಡಿಯಲ್ಲೇ ಉಳಿಯಲಿ ಎಂಬ ಯೋಚನೆಯೂ ಸಾಲದು. ಮೊದಲು ಅರಣ್ಯ ಇಲಾಖೆಯವರನ್ನು ಕೇಳಿ.

ಚೂರಿ ಇಟ್ಟುಕೊಳ್ಳುವ ಬಗ್ಗೆ: 2016ರ ಆಯುಧ ನಿಯಮಗಳು ಹರಿತವಾದ ಆಯುಧಗಳ ಪಟ್ಟಿಯಲ್ಲಿ ಹೇಳುವುದು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲ ಇರುವ ಅಲಗುಗಳ ಬಗ್ಗೆ. ಮನೆಗೆಲಸ, ಕೃಷಿಗಾಗಿ ಮಾಡಿದವನ್ನು ಅದರಿಂದ ಹೊರಗಿಟ್ಟಿದೆ. ನಿಮಗೆ ಬೇಕಾದದ್ದು ನಾಲ್ಕೈದು ಅಂಗುಲದ್ದು, ಅದರ ಹತ್ತಿರವೂ ಬರುವುದಿಲ್ಲ. ಹಾಗೆಂದು ಸೊಂಟಕ್ಕೆ ಕಟ್ಟಿಕೊಂಡು ಸಂತೆಯಲ್ಲಿ ತಿರುಗುವುದು ಬೇಡ. ಚುನಾವಣೆ, ಗಲಾಟೆ ಎಂದು ನಿಷೇಧಾಜ್ಞೆ ಹೊರಡಿಸಿದ ದಿನಗಳಲ್ಲಿ ಸಣ್ಣ ಚೂರಿಯೂ ತೊಂದರೆ ತರುತ್ತದೆ. ಒರೆಯಲ್ಲಿ ಹಾಕಿ, ಪಾತ್ರೆ ಸಾಮಾನಿನ ಜೊತೆ ಚೀಲದ ತಳದಲ್ಲಿಡಿ.

ಕೊಪ್ಪಳದ ಚಾರಣಿಗ

ವಕೀಲರೇ, ಧನ್ಯವಾದ. ಅವನಿಗೆ ಓದಿ ಹೇಳಿದೆ, ಅರ್ಥ ಮಾಡಿಕೊಂಡ. ಬೇಟೆಯ ಮಾತು ಇಲ್ಲಿಗೆ ಮುಗಿಯಿತು. ಅಡುಗೆ, ಕಟ್ಟಿಗೆ ಇಷ್ಟೇ.

ಸಂಡೂರು ಗುಡ್ಡ

ಸ್ವೀಡನ್ನಿನ ಮೋರಾ ಎಂಬ ಊರಿನ ಹೆಸರಿನಲ್ಲೇ ಬರುವ ಚೂರಿಗಳಿವೆ. ಅದರಲ್ಲಿ ಕಂಪ್ಯಾನಿಯನ್ ಎಂಬುದನ್ನು ಆರು ವರ್ಷದಿಂದ ಬಳಸುತ್ತಿದ್ದೇನೆ. ಅಲಗು ಹತ್ತು ಸೆಂಟಿಮೀಟರಿಗೆ ತುಸು ಹೆಚ್ಚು, ದಪ್ಪ 2.5 ಮಿಲಿಮೀಟರ್. ರಬ್ಬರಿನಂಥ ಹಿಡಿ, ಪ್ಲಾಸ್ಟಿಕ್ ಒರೆ. ನೋಡಲು ಏನೂ ಇಲ್ಲ. ಆದರೆ ಕೈಗೆ ತೆಗೆದುಕೊಂಡ ಮೇಲೆ ಬೇರೆ ಚೂರಿ ಬೇಕೆನಿಸಲಿಲ್ಲ.

ಅದರಲ್ಲಿ ಎರಡು ಬಗೆ: ಸ್ಟೇನ್‌ಲೆಸ್ ಮತ್ತು ಕಾರ್ಬನ್ ಉಕ್ಕು. ಮಳೆಗಾಲದಲ್ಲಿ ಸಂಡೂರಿನ ಗುಡ್ಡಗಳಲ್ಲಿ ಮಂಜು ಇಳಿದು ಬಟ್ಟೆಯೆಲ್ಲ ತೊಯ್ಯುತ್ತದೆ, ಅದಕ್ಕೆ ನಾನು ಸ್ಟೇನ್‌ಲೆಸ್ ಕೊಂಡೆ. ಅಲಗಿನ ಎರಡೂ ಬದಿಗೆ ಅಗಲವಾದ ಒಂದೇ ಇಳಿಜಾರು ಇದೆ. ಸಾಣೆಕಲ್ಲಿನ ಮೇಲೆ ಆ ಇಳಿಜಾರನ್ನು ಚಪ್ಪಟೆಯಾಗಿ ಕೂರಿಸಿ ಉಜ್ಜಿದರೆ ಸಾಕು, ಕೋನ ತಾನಾಗಿ ಸಿಗುತ್ತದೆ. ಹೊಸಬರಿಗೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ.

ಬೆಲೆ ಮಾತ್ರ ನಿಮ್ಮ ಲೆಕ್ಕಕ್ಕಿಂತ ಮೇಲೆ. ನಾನು ಕೊಂಡಾಗ ಎರಡು ಸಾವಿರಕ್ಕೆ ಸ್ವಲ್ಪ ಕಡಿಮೆ ಇತ್ತು. ಇನ್ನೆರಡು ತಿಂಗಳು ಕಾದು ದುಡ್ಡು ಕೂಡಿಸಿ, ಆದರೆ ಇದನ್ನೇ ಕೊಳ್ಳಿ ಎಂದು ಹೇಳುತ್ತೇನೆ.

ತೋರಣಗಲ್ಲಿನ ಲ್ಯಾಬ್

ಸಂಡೂರಿನ ಸ್ನೇಹಿತರು ಹೇಳಿದ ಚೂರಿ ಒಳ್ಳೆಯದೇ. ಆದರೆ ಅದರ ಅಲಗಿನ ಬಾಲ ಹಿಡಿಯ ತುದಿಯವರೆಗೆ ಹೋಗುವುದಿಲ್ಲ. ಕೇಳಿದವರ ಚೂರಿ ಮುರಿದದ್ದೇ ಬಾಲದಲ್ಲಿ. ಆದ್ದರಿಂದ ಫುಲ್ ಟ್ಯಾಂಗ್, ಅಂದರೆ ಅಲಗು ಮತ್ತು ಬಾಲ ಒಂದೇ ಪಟ್ಟಿಯಾಗಿ ಹಿಡಿಯ ಉದ್ದಗಲಕ್ಕೂ ಇರುವುದನ್ನೇ ತೆಗೆದುಕೊಳ್ಳಿ. ಹಿಡಿಯ ಮರ ಒಡೆದರೂ ಬಟ್ಟೆ ಸುತ್ತಿ ಕೆಲಸ ಮುಗಿಸಬಹುದು.

ಉಕ್ಕಿನ ಬಗ್ಗೆ ನಾಲ್ಕು ಮಾತು. ಉಕ್ಕು ಪರೀಕ್ಷಿಸುವುದು ನನ್ನ ದಿನದ ಕೆಲಸ. ಅಗ್ಗದ ಚೂರಿಗಳ ಮೇಲೆ ಬರೀ "ಸ್ಟೇನ್‌ಲೆಸ್ ಸ್ಟೀಲ್" ಎಂದು ಬರೆದಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ದರ್ಜೆಯ ಹೆಸರು ನೋಡಿ. 3ಸಿಆರ್13 ಎಂದಿದ್ದರೆ ಇಂಗಾಲ ಶೇಕಡಾ 0.3ರ ಹತ್ತಿರ, ಬೇಗ ಮೊಂಡಾಗುತ್ತದೆ. ಮೋರಾದ ಸ್ಟೇನ್‌ಲೆಸ್‌ಗೆ ಬಳಸುವ 12ಸಿ27ರಲ್ಲಿ ಶೇಕಡಾ 0.6. 1095 ಎಂಬ ಕಾರ್ಬನ್ ಉಕ್ಕಿನಲ್ಲಿ 0.95. ಇಂಗಾಲ ಹೆಚ್ಚಿದಂತೆ ಬಾಯಿ ಗಟ್ಟಿ, ಆದರೆ ಹದ ತಪ್ಪಿದರೆ ಗಾಜಿನಂತೆ ಸಿಡಿಯುತ್ತದೆ. ದರ್ಜೆಯನ್ನೇ ಹೇಳದವರ ಹತ್ತಿರ ಕೊಳ್ಳಬೇಡಿ.

ಇನ್ನು ಅಲೆಅಲೆಯಾದ ಗೆರೆಗಳಿರುವ "ಡಮಾಸ್ಕಸ್" ಚೂರಿ ಏಳೆಂಟುನೂರು ರೂಪಾಯಿಗೆ ಸಿಗುತ್ತಿದ್ದರೆ ಆ ಗೆರೆಗಳು ಬಹುಪಾಲು ಮೇಲೆ ಕೊರೆದ ಚಿತ್ತಾರ. ಮರಳುಕಾಗದದಿಂದ ಉಜ್ಜಿದರೆ ಹೊರಟುಹೋಗುತ್ತದೆ. ಇದು ನನಗೆ ನೋವು ತರುವ ವಿಷಯ. ಡಮಾಸ್ಕಸ್ ಕತ್ತಿಗಳಿಗೆ ಹೋಗುತ್ತಿದ್ದ ಉಕ್ಕು ದಕ್ಷಿಣ ಭಾರತದ್ದು. ಅದನ್ನು ಇಂಗ್ಲಿಷರು ಕರೆದ "ವೂಟ್ಜ್" ಎಂಬ ಹೆಸರು ನಮ್ಮ "ಉಕ್ಕು" ಎಂಬ ಪದದಿಂದಲೇ ಬಂದದ್ದೆಂದು ವಿದ್ವಾಂಸರು ಹೇಳುತ್ತಾರೆ. ಅಂಥ ಹೆಸರಿನ ಮೇಲೆ ಬಣ್ಣ ಬಳಿದು ಮಾರುತ್ತಿದ್ದಾರೆ.

ಸಂಡೂರು ಗುಡ್ಡ

ಲ್ಯಾಬಿನ ಅಣ್ಣನವರೇ, ಉಕ್ಕಿನ ವಿಷಯದಲ್ಲಿ ನಿಮ್ಮ ಮಾತಿಗೆ ಎದುರಾಡುವುದಿಲ್ಲ. ಆದರೆ ಬಾಲದ ವಿಷಯದಲ್ಲಿ ಒಪ್ಪಲಾರೆ. ಕೊಪ್ಪಳದವರ ಚೂರಿಯಲ್ಲಿ ಇದ್ದದ್ದು ಬಾಲವಲ್ಲ, ಬೆಸುಗೆ ಹಾಕಿದ ಬೋಲ್ಟು. ಹಿಡಿಯೊಳಗೆ ಮುಕ್ಕಾಲು ಪಾಲು ಹೋಗುವ ಗಟ್ಟಿ ಬಾಲಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ. ಕುಡಗೋಲು ನೋಡಿ. ಅದರ ಬಾಲ ಮೊಳೆಯಂತೆ ಚೂಪಾಗಿ ಮರದ ಹಿಡಿಯೊಳಗೆ ಹೋಗಿರುತ್ತದೆ, ಅಷ್ಟೇ. ಸುಗ್ಗಿಯಿಡೀ ಅದರಿಂದಲೇ ಜೋಳ ಕೊಯ್ಯುತ್ತಾರೆ.

ತೋರಣಗಲ್ಲಿನ ಲ್ಯಾಬ್

ಕುಡಗೋಲಿನ ಬೆನ್ನಿಗೆ ಯಾರೂ ಬಡಿಯುವುದಿಲ್ಲ. ಬಡಿಯುವವರಿಗೆ ಪೂರ್ತಿ ಬಾಲ ಬೇಕೆಂಬ ನನ್ನ ಮಾತಿಗೆ ನಾನು ಈಗಲೂ ಬದ್ಧ.

ಮಸ್ಕಿಯ ಕುರಿಹಟ್ಟಿ

ಬಡಿಯುವುದೇಕೆ? ನಮ್ಮದು ಕುರಿ ಸಾಕಿದ ಮನೆ. ವರ್ಷದ ಅರ್ಧ ಭಾಗ ಬಯಲಿನಲ್ಲೇ ಒಲೆ ಹೊತ್ತಿಸಿದವರು. ಚೂರಿಯಿಂದ ಕಟ್ಟಿಗೆ ಸೀಳಿದ್ದನ್ನು ನಾನು ನಮ್ಮ ಹಿರಿಯರಲ್ಲಿ ಕಂಡಿಲ್ಲ. ಅದಕ್ಕೆ ಕೊಡಲಿ ಇದೆ. ಅಂಗೈ ಅಗಲದ ಸಣ್ಣ ಕೊಡಲಿ ಸಂತೆಯಲ್ಲಿ ಸಿಗುತ್ತದೆ. ಇಲ್ಲವಾದರೆ ಕೈಯಲ್ಲಿ ಮುರಿಯುವಷ್ಟು ಸಣ್ಣ ಪುಳ್ಳೆಗಳನ್ನೇ ಆರಿಸಿಕೊಳ್ಳಬೇಕು. ನಮ್ಮ ಬಯಲಿನಲ್ಲಿ ಒಣ ಜಾಲಿಯ ಪುಳ್ಳೆಗೆ ಬರವಿಲ್ಲ. ಬಿದ್ದಿರುವುದನ್ನು ಆರಿಸಿ; ಹಸಿ ಮರ ಕಡಿಯಬೇಡಿ.

ಚೂರಿಯ ಕೆಲಸ ಮಾಂಸ. ಕುರಿಯ ಚರ್ಮ ಸುಲಿಯುವಾಗ ಅಲಗಿನ ತುದಿ ಸೂಜಿಯಂತೆ ಮೊನಚಾಗಿದ್ದರೆ ಚರ್ಮ ತೂತಾಗುತ್ತದೆ, ತೂತಾದ ಚರ್ಮಕ್ಕೆ ಬೆಲೆಯಿಲ್ಲ. ತುದಿ ಸ್ವಲ್ಪ ಕೆಳಗೆ ಬಾಗಿ, ಮುಂದಿನ ಹೊಟ್ಟೆ ದುಂಡಗಿರಬೇಕು. ನನ್ನ ತಂದೆ ಮೊದಲ ಸೀಳಾದ ಮೇಲೆ ಚೂರಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಮುಷ್ಟಿಯನ್ನು ಚರ್ಮಕ್ಕೂ ಮಾಂಸಕ್ಕೂ ನಡುವೆ ತೂರಿಸಿ ಸುಲಿಯುತ್ತಿದ್ದರು. ಅರ್ಧಕ್ಕಿಂತ ಹೆಚ್ಚು ಕೆಲಸ ಮುಷ್ಟಿಯದ್ದು. ಚೂರಿ ಬೇಕಾಗುವುದು ಕಾಲಿನ ಕೀಲಿನಲ್ಲಿ, ಕುತ್ತಿಗೆಯಲ್ಲಿ, ಬಾಲದ ಬುಡದಲ್ಲಿ. ಅಲ್ಲಿ ನಾಲ್ಕು ಅಂಗುಲದ ತೆಳು ಅಲಗೇ ಸರಿ. ಕೀಲು ಎಲ್ಲಿದೆ ಎಂದು ಬೆರಳಿಗೆ ಗೊತ್ತಿದ್ದರೆ ಎಲುಬಿಗೆ ಚೂರಿ ತಾಗುವುದೇ ಇಲ್ಲ.

ರಾಯಚೂರು ಅಡುಗೆಮನೆ

ಮಸ್ಕಿಯ ಅಣ್ಣ ಸರಿಯಾಗಿ ಹೇಳಿದರು. ನಾನು ಮಹಿಳೆಯರ ತಂಡದೊಂದಿಗೆ ಚಾರಣಕ್ಕೆ ಹೋಗುವವಳು, ಇಪ್ಪತ್ತು ಜನರ ಅಡುಗೆ ನನ್ನ ಪಾಲಿಗೆ. ಐದು ಮಿಲಿಮೀಟರ್ ದಪ್ಪದ "ಬಲಶಾಲಿ" ಚೂರಿಯಲ್ಲಿ ಈರುಳ್ಳಿ ಕೊಯ್ದು ನೋಡಿ. ಅದು ಕೊಯ್ಯುವುದಿಲ್ಲ, ಬೆಣೆಯಂತೆ ಒಡೆಯುತ್ತದೆ. ಟೊಮೇಟೊ ರಸವೆಲ್ಲ ಹಲಗೆಯ ಮೇಲೆ. ಬಯಲಿನಲ್ಲಿ ಚೂರಿ ಹಿಡಿಯುವ ಹತ್ತು ಸಲದಲ್ಲಿ ಎಂಟು ಸಲ ಅಡುಗೆಗೇ. ಎರಡೂವರೆ ಮೂರು ಮಿಲಿಮೀಟರಿಗಿಂತ ದಪ್ಪ ಬೇಡವೇ ಬೇಡ.

ಹಿಡಿಯ ಬಗ್ಗೆ ಯಾರೂ ಹೇಳಲಿಲ್ಲ. ಕೃಷ್ಣೆಯ ದಂಡೆಯ ಹಳ್ಳಿಯೊಂದರಲ್ಲಿ ಮೀನು ಶುಚಿ ಮಾಡುತ್ತಿದ್ದೆ. ನಯಗೊಳಿಸಿದ ಮರದ ಹಿಡಿ, ಬೆರಳು ತಡೆಯಲು ಮುಂದೆ ಉಬ್ಬಿಲ್ಲ. ಮೀನಿನ ಲೋಳೆಗೆ ಕೈ ಜಾರಿ ತೋರುಬೆರಳು ಅಲಗಿನ ಮೇಲೆ ಓಡಿತು. ನಾಲ್ಕು ಹೊಲಿಗೆ ಬಿದ್ದವು. ಈಗಲೂ ಚಳಿಗಾಲದಲ್ಲಿ ಆ ಬೆರಳ ತುದಿ ಮರಗಟ್ಟುತ್ತದೆ. ಕೊಳ್ಳುವ ಮುಂಚೆ ಕೈಗೆ ಎಣ್ಣೆ ಹಚ್ಚಿಕೊಂಡು ಹಿಡಿದು ನೋಡಿ. ಜಾರಿದರೆ ಬಿಟ್ಟುಬಿಡಿ.

ಇನ್ನೊಂದು. ಕುಳಿತು ಕೊಯ್ಯುವಾಗ ತೊಡೆಗಳ ನಡುವೆ ಕೆಲಸ ಮಾಡಬೇಡಿ. ತೊಡೆಯ ಒಳಭಾಗದಲ್ಲಿ ದೊಡ್ಡ ರಕ್ತನಾಳ ಇದೆ. ಗುಡ್ಡದ ಮೇಲೆ ಅದು ತುಂಡಾದರೆ ಆಸ್ಪತ್ರೆಗೆ ತಲುಪುವಷ್ಟು ಸಮಯ ಇರುವುದಿಲ್ಲ. ಮೊಣಕಾಲಿನಿಂದ ಆಚೆಗೆ ಹಿಡಿದು ಕೊಯ್ಯಿರಿ.

ಕಂಪ್ಲಿಯ ಕುಲುಮೆ

ಇಷ್ಟು ಹೊತ್ತು ಓದುತ್ತಿದ್ದೆ. ಎಲ್ಲರೂ ಕೊಳ್ಳುವ ಮಾತನ್ನೇ ಆಡುತ್ತಿದ್ದೀರಿ, ಮಾಡಿಸುವ ಮಾತು ಬರಲಿಲ್ಲ. ನನ್ನ ತಂದೆ ನಲವತ್ತು ವರ್ಷ ಕುಲುಮೆಯ ಮುಂದೆ ಕುಳಿತವರು. ನಾನೂ ಆ ಕೆಲಸ ಬಿಟ್ಟಿಲ್ಲ. ಕುಂಟೆಯ ಕುಡ, ಕುಡಗೋಲು, ಕೊಡಲಿ ಈಗಲೂ ನಮ್ಮಲ್ಲಿಗೆ ಬರುತ್ತವೆ. ಕೊಪ್ಪಳದ ಸಹೋದರರೇ, ನಿಮ್ಮೂರಿನಲ್ಲೇ ಕಂಬಾರರಿದ್ದಾರೆ. ಐದಾರುನೂರು ರೂಪಾಯಿಗೆ ನಿಮ್ಮ ಕೈಯಳತೆಗೆ ಚೂರಿ ಆಗುತ್ತದೆ. ಆದರೆ ಕೇಳುವುದನ್ನು ಸರಿಯಾಗಿ ಕೇಳಬೇಕು.

"ಒಂದು ಚೂರಿ ಮಾಡಿಕೊಡಿ" ಎಂದಷ್ಟೇ ಹೇಳಿದರೆ ನಾವು ಕುಡಗೋಲಿನ ಹದವನ್ನೇ ಕೊಡುತ್ತೇವೆ. ಕುಡಗೋಲಿನ ಹದ ಮೆದು. ಕಲ್ಲಿಗೆ ತಾಗಿದರೂ ಮುರಿಯಬಾರದು, ಬದುವಿನ ಕಲ್ಲಿಗೆ ಉಜ್ಜಿ ಮತ್ತೆ ಬಾಯಿ ಮಾಡಿಕೊಳ್ಳುವಂತಿರಬೇಕು. ಚೂರಿಗೆ ಅದಕ್ಕಿಂತ ಗಟ್ಟಿ ಹದ ಬೇಕು.

ಮೊದಲು ಲೋಹ. ಲಾರಿ, ಜೀಪಿನ ಅಡಿಯಲ್ಲಿರುವ ಕಮಾನು ಪಟ್ಟಿ, ಅಂದರೆ ಸ್ಪ್ರಿಂಗ್ ಪಟ್ಟಿ ಕೇಳಿ. ಕಟ್ಟಡದ ಸರಳು, ಗೇಟಿನ ಪಟ್ಟಿ ಬೇಡ. ಅದರಲ್ಲಿ ಇಂಗಾಲ ಕಡಿಮೆ, ಎಷ್ಟು ಕಾಯಿಸಿ ಅದ್ದಿದರೂ ಗಟ್ಟಿಯಾಗುವುದಿಲ್ಲ. ಗಾಡಿಯಲ್ಲಿ ತುಂಡಾದ ಪಟ್ಟಿಯೂ ಬೇಡ. ತುಂಡಾದಲ್ಲಿ ಒಂದು ಬಿರುಕು ಕಂಡರೆ ಕಾಣದ ಬಿರುಕು ಹತ್ತು ಇರುತ್ತವೆ.

ಪಟ್ಟಿ ಎಂಟು ಹತ್ತು ಮಿಲಿಮೀಟರ್ ದಪ್ಪ ಇರುತ್ತದೆ. ಅದನ್ನು ಕಿತ್ತಳೆ ಬಣ್ಣಕ್ಕೆ ಕಾಯಿಸಿ ಬಡಿದು ಮೂರಕ್ಕೆ ಇಳಿಸಬೇಕು. ಬಡಿಯಲು ಸೋಮಾರಿತನ ಪಟ್ಟು ಗ್ರೈಂಡರ್ ಹಿಡಿಯುವವರಿದ್ದಾರೆ. ಅದೂ ಆಗುತ್ತದೆ, ಆದರೆ ಅಂಚು ನೀಲಿಯಾಗುವಷ್ಟು ಬಿಸಿ ಆಗಬಾರದು. ಹದ ಹಾಕಿದ ಮೇಲಂತೂ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾಯಿತೆಂದರೆ ನೀರಿಗೆ ಅದ್ದಿಕೊಂಡೇ ಉಜ್ಜಬೇಕು. ನೀಲಿ ಕಂಡಿತೆಂದರೆ ಆ ಜಾಗದ ಹದ ಹೋಯಿತು.

ಹದ ಹಾಕುವುದೇ ಚೂರಿಯ ಜೀವ. ಅಲಗು ಕೆಂಪಾಗುತ್ತಾ ಹೋದಂತೆ ಅಯಸ್ಕಾಂತವನ್ನು ಹತ್ತಿರ ಹಿಡಿಯಬೇಕು. ಅಂಟುವುದು ನಿಂತಾಗ, ಅದರ ಮೇಲೆ ಇನ್ನು ಸ್ವಲ್ಪ ಕಾಯಿಸಿ, ಬೆಚ್ಚಗಿನ ಎಣ್ಣೆಯಲ್ಲಿ ಮೊನೆ ಕೆಳಗಾಗಿ ನೇರ ಇಳಿಸಬೇಕು. ಕಮಾನು ಪಟ್ಟಿಯನ್ನು ತಣ್ಣೀರಿಗೆ ಹಾಕಿದರೆ ಕೆಲವೊಮ್ಮೆ "ಟಿಣ್" ಎಂದು ಸದ್ದು ಬರುತ್ತದೆ. ಆ ಸದ್ದು ಕೇಳಿದೊಡನೆ ತಂದೆಯವರು ಚೂರಿಯನ್ನು ತಿರುಗಿಸಿಯೂ ನೋಡದೆ ಗುಜರಿಗೆ ಎಸೆಯುತ್ತಿದ್ದರು. ಎಣ್ಣೆಯಿಂದ ತೆಗೆದ ಮೇಲೆ ಅರ ಹಚ್ಚಿದರೆ ಕಚ್ಚದೆ ಜಾರಬೇಕು. ಇಷ್ಟಕ್ಕೇ ಬಿಟ್ಟರೆ ಕೈತಪ್ಪಿ ಬಂಡೆಯ ಮೇಲೆ ಬಿದ್ದಾಗ ಎರಡು ತುಂಡು. ಅದಕ್ಕಾಗಿ ಉಜ್ಜಿ ಬೆಳ್ಳಗೆ ಮಾಡಿ, ಮಂದವಾಗಿ ಮತ್ತೆ ಕಾಯಿಸುತ್ತೇವೆ. ಒಣ ಜೋಳದ ದಂಟಿನ ಬಣ್ಣ ಅಂಚಿಗೆ ಬಂದಾಗ ನಿಲ್ಲಿಸಬೇಕು. ಅದು ಸುಮಾರು 200 ಡಿಗ್ರಿ ಸೆಲ್ಸಿಯಸ್. ಮನೆಯಲ್ಲಿ ಓವನ್ ಇರುವವರು ಒಂದೊಂದು ಗಂಟೆ ಎರಡು ಸಲ ಅದರಲ್ಲೇ ಇಡಬಹುದು, ನಮ್ಮ ಕಣ್ಣಳತೆಗಿಂತ ಅದು ಸಮನಾಗಿ ಬರುತ್ತದೆ.

ಹಿಡಿಗೆ ಕರಿಜಾಲಿ ಅಥವಾ ಹುಣಸೆ. ಚೆನ್ನಾಗಿ ಒಣಗಿದ್ದಿರಬೇಕು. ನಮ್ಮ ಬೇಸಿಗೆಗೆ ಹಸಿ ಮರ ಕುಗ್ಗಿ ರಿವೆಟ್ ಸಡಿಲವಾಗುತ್ತದೆ.

ತೋರಣಗಲ್ಲಿನ ಲ್ಯಾಬ್

ಕಂಪ್ಲಿಯವರೇ, ಕೈ ಮುಗಿದೆ. ನಾವು ಯಂತ್ರದಲ್ಲಿ ಅಳೆಯುವುದನ್ನು ನೀವು ಬಣ್ಣದಲ್ಲಿ ಓದುತ್ತೀರಿ. ಅಯಸ್ಕಾಂತದ ಮಾತು ಶಾಸ್ತ್ರದ ಪ್ರಕಾರವೂ ಸರಿ. ಸುಮಾರು 770 ಡಿಗ್ರಿಯಲ್ಲಿ ಕಬ್ಬಿಣ ಅಯಸ್ಕಾಂತಕ್ಕೆ ಅಂಟುವ ಗುಣ ಕಳೆದುಕೊಳ್ಳುತ್ತದೆ. ಕಮಾನು ಪಟ್ಟಿಯಲ್ಲಿ ಇಂಗಾಲ ಹೆಚ್ಚುಕಡಿಮೆ ಶೇಕಡಾ 0.6. ಬಯಲಿನ ಚೂರಿಗೆ ಹೇಳಿ ಮಾಡಿಸಿದಂಥದ್ದು. ಕೊಪ್ಪಳದವರೇ, ಫುಲ್ ಟ್ಯಾಂಗನ್ನೂ ಅವರಿಂದಲೇ ಮಾಡಿಸಿಕೊಳ್ಳಿ.

ಬಳ್ಳಾರಿ ವಕೀಲ

ಕಾನೂನು ಬಿಟ್ಟು ಒಂದು ಮಾತು. ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಸಂಗನಕಲ್ಲು ವಸ್ತುಸಂಗ್ರಹಾಲಯ ಇದೆ. ಸಮಯ ಸಿಕ್ಕರೆ ಹೋಗಿ. ನವಶಿಲಾಯುಗದ ಜನ ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳಲ್ಲಿ ಡಾಲರೈಟ್ ಎಂಬ ಕರಿಕಲ್ಲಿನಿಂದ ಕೊಡಲಿ ಮಾಡುತ್ತಿದ್ದರು. ಗಾಜಿನ ಹಿಂದಿರುವ ಆ ಕೊಡಲಿಗಳ ಬಾಯಿಯನ್ನು ಬದಿಯಿಂದ ನೋಡಿದರೆ ಹೊಟ್ಟೆ ಉಬ್ಬಿದಂತಿದೆ. ಬಡಿಯುವ ಆಯುಧಕ್ಕೆ ಉಬ್ಬು ಬಾಯಿ, ಕೊಯ್ಯುವುದಕ್ಕೆ ತೆಳುಬಾಯಿ. ಮಸ್ಕಿಯವರು ಹೇಳಿದ ಕೊಡಲಿ ಬೇರೆ, ಚೂರಿ ಬೇರೆ ಎಂಬ ಮಾತು ಅಲ್ಲಿ ಕಣ್ಣಿಗೆ ಕಾಣುತ್ತದೆ.

ಕೊಪ್ಪಳದ ಚಾರಣಿಗ

ಐದು ವಾರದ ನಂತರ ಬರೆಯುತ್ತಿದ್ದೇನೆ. ಊರಿನ ಕಂಬಾರರೊಬ್ಬರ ಹತ್ತಿರ ಹೋಗಿ, ಕಂಪ್ಲಿಯವರು ಬರೆದದ್ದನ್ನು ಮೊಬೈಲಿನಲ್ಲಿ ಓದಿ ಹೇಳಿದೆ. "ಬರೆದವರು ಕೆಲಸ ಬಲ್ಲವರು" ಎಂದರು. ಹಳೆಯ ಜೀಪಿನ ಪಟ್ಟಿ ಆರಿಸಿ ಕೊಟ್ಟರು. ಅಲಗು ನಾಲ್ಕೂಕಾಲು ಅಂಗುಲ, ಬೆನ್ನು ಮೂರು ಮಿಲಿಮೀಟರ್, ತುದಿ ಕುರಿಹಟ್ಟಿಯವರು ಹೇಳಿದಂತೆ ದುಂಡು, ಬಾಲ ಪೂರ್ತಿ. ಹುಣಸೆಯ ಹಿಡಿ, ಮುಂದೆ ಬೆರಳು ತಡೆಯುವ ಉಬ್ಬು. ಅಕ್ಕನವರು ಹೇಳಿದಂತೆ ಶೇಂಗಾ ಎಣ್ಣೆ ಹಚ್ಚಿಕೊಂಡು ಹಿಡಿದು ನೋಡಿದೆ. ಮೊದಲ ಸಲ ಜಾರಿತು. ಕಂಬಾರರು ಹಿಡಿಯ ನಯವನ್ನು ಅರದಿಂದ ಕೆರೆದು ಒರಟು ಮಾಡಿಕೊಟ್ಟರು. ಒಟ್ಟು ಆರುನೂರೈವತ್ತು ರೂಪಾಯಿ.

ಒರೆಗೆ ಹೊಲದಲ್ಲಿ ಬಿದ್ದಿದ್ದ ನೀರಾವರಿ ಪಿವಿಸಿ ಪೈಪಿನ ತುಂಡು. ಬಿಸಿ ಮಾಡಿದರೆ ರಬ್ಬರಿನಂತೆ ಮೆತ್ತಗಾಗುತ್ತದೆ. ಎರಡು ಹಲಗೆಗಳ ನಡುವೆ ಒತ್ತಿ ಚಪ್ಪಟೆ ಮಾಡಿ, ಬಟ್ಟೆ ಸುತ್ತಿದ ಅಲಗನ್ನು ಒಳಗಿಟ್ಟು ಆರಲು ಬಿಟ್ಟೆ. ಹೊಗೆ ಬರುವಷ್ಟು ಸುಡಬಾರದು, ಆ ಹೊಗೆ ವಿಷ. ಬಯಲಿನಲ್ಲೇ ನಿಂತು ಮಾಡಿದೆ.

ಮೊದಲ ರಾತ್ರಿ ಎರಡು ಕೋಳಿ, ಮೂರು ಕಿಲೋ ಈರುಳ್ಳಿ, ಒಂದಿಷ್ಟು ಹಗ್ಗ. ಆಮೇಲೂ ಕಾಗದವನ್ನು ಸದ್ದಿಲ್ಲದೆ ಸೀಳಿತು. ಕಟ್ಟಿಗೆಗೆ ಸಣ್ಣ ಕೊಡಲಿ ಕೊಂಡೆ, ಇನ್ನೂರೈವತ್ತು. ಎರಡೂ ಸೇರಿ ಇನ್ನೂ ಆರುನೂರು ಉಳಿದಿದೆ.

ಒಂದು ಅನುಮಾನ. ಈರುಳ್ಳಿ, ನಿಂಬೆ ಕೊಯ್ದ ಮೇಲೆ ಅಲಗಿನ ಮೇಲೆ ಬೂದು ನೀಲಿ ಕಲೆ ಬಂದಿದೆ. ತುಕ್ಕೇ? ಮತ್ತೆ ಸಾಣೆ ಹೇಗೆ ಹಿಡಿಯಲಿ?

ಕಂಪ್ಲಿಯ ಕುಲುಮೆ

ಬಹಳ ಸಂತೋಷವಾಯಿತು. ಬೂದು ನೀಲಿ ಕಲೆ ತುಕ್ಕಲ್ಲ, ಅದನ್ನು ಉಜ್ಜಿ ತೆಗೆಯಬೇಡಿ. ಅದು ಕೂಡಿದಷ್ಟೂ ಕೆಂಪು ತುಕ್ಕು ನಿಧಾನವಾಗುತ್ತದೆ. ಕೆಂಪು ಕಂಡರೆ ಮಾತ್ರ ಬೂದಿ ಹಚ್ಚಿ ತಿಕ್ಕಿ. ತೊಳೆದು ಒರೆಸಿ ತೆಳುವಾಗಿ ಕೊಬ್ಬರಿ ಎಣ್ಣೆ ಸವರಿ. ಶೇಂಗಾ ಎಣ್ಣೆ ಬೇಡ, ದಿನ ಕಳೆದಂತೆ ಅಂಟಾಗುತ್ತದೆ. ತಿಂಗಳುಗಟ್ಟಲೆ ಬಳಸದಿದ್ದರೆ ಒರೆಯಿಂದ ಹೊರಗಿಡಿ.

ಸಾಣೆಗೆ ಎರಡು ಬದಿಯ ಕಾರ್ಬೊರಂಡಮ್ ಕಲ್ಲು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಚೂರಿಯನ್ನು ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿ, ಅದರ ಅರ್ಧಕ್ಕೆ ಬಾಗಿಸಿ, ಮತ್ತೆ ಅದರ ಅರ್ಧಕ್ಕೆ ಬಾಗಿಸಿ. ಆ ಓರೆಯೇ ಸಾಕು. ಒಂದೇ ಬದಿಯನ್ನು ಉಜ್ಜುತ್ತಾ ಹೋಗಿ, ಆಚೆ ಬದಿಯ ಅಂಚಿನಲ್ಲಿ ಕೂದಲೆಳೆಯಂಥ ಏಣು ಬೆರಳಿಗೆ ತಾಗಿದಾಗ ತಿರುಗಿಸಿ. ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಮೇಲೆ ಹಿಂದಕ್ಕೆ ಎಳೆಯಿರಿ. ಬಯಲಿನಲ್ಲಿ ಕಲ್ಲು ಇಲ್ಲದಿದ್ದರೆ ಪಿಂಗಾಣಿ ಕಪ್ಪಿನ ತಳದ ಒರಟು ಉಂಗುರವೂ ಆಗುತ್ತದೆ.

ಮಸ್ಕಿಯ ಕುರಿಹಟ್ಟಿ

ಹಿಡಿಯ ತುದಿಗೊಂದು ತೂತು ಹಾಕಿಸಿ, ಕೆಂಪು ಉಣ್ಣೆಯ ದಾರ ಕಟ್ಟಿ ತಮ್ಮಾ. ಹುಣಸೆಯ ಹಿಡಿ ಒಣಹುಲ್ಲಿನಲ್ಲಿ ಬಿದ್ದರೆ ಹಗಲಿನಲ್ಲೂ ಕಾಣಿಸುವುದಿಲ್ಲ. ನಮ್ಮ ಹಟ್ಟಿಯ ಎರಡು ಚೂರಿಗಳು ಹಾಗೆಯೇ ಬಯಲಿನ ಪಾಲಾಗಿವೆ.